ಫಲಕದಾಚೆಯ ಬದುಕು: ಡಾ. ದ್ವಾರಕಾನಾಥ ಕೋಟಣೀಸ

ಹಳಗನ್ನಡ ಶಾಸನಗಳನ್ನು ಪಠ್ಯವಾಗಿ ಓದುವ ನಮ್ಮ ವಿದ್ಯಾರ್ಥಿಗಳು ತಾವು ದಿನವೂ ಹಾದುಹೋಗುವ ಚೌಕಗಳ ಸ್ಮಾರಕ ಫಲಕಗಳನ್ನು ಓದುವುದು ಕಡಿಮೆ. ಸೊಲ್ಲಾಪುರವನ್ನು ನಾವು ಸಿದ್ಧರಾಮನ ಸೊನ್ನಲಿಗೆಯೆಂದು ಬಲ್ಲೆವು. ಆದರೆ ಆ ಊರಿನ ಇಪ್ಪತ್ತನೆಯ ಶತಮಾನವೂ ಕಲ್ಲಿನಲ್ಲಿ, ಕಂಚಿನಲ್ಲಿ ಬರೆಯಲ್ಪಟ್ಟಿದೆ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ತಲುಪಿದಾಗ ಊರು ಸಿಡಿದೆದ್ದಿತು. ಸರಕಾರ ಲಷ್ಕರಿ ಕಾಯಿದೆ ಹೇರಿತು. 1931ರ ಜನವರಿ 12ರಂದು ಯೆರವಡಾ ಸೆರೆಮನೆಯಲ್ಲಿ ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರ ಪುತ್ಥಳಿಗಳು ಇಂದಿಗೂ ಊರಿನ ನಡುವೆ ನಿಂತಿವೆ. ಆ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ಸಾಕು, ಊರು ಎಷ್ಟು ಮನೆಮಾತುಗಳಿಂದ ಕೂಡಿದ್ದೆಂಬುದು ಕಿವಿಗೇ ತಿಳಿಯುತ್ತದೆ.

ಇದೇ ಊರಿನ ಇನ್ನೊಂದು ಸ್ಮಾರಕ ಡಾ. ದ್ವಾರಕಾನಾಥ ಶಾಂತಾರಾಮ ಕೋಟಣೀಸರದು. ಫಲಕಗಳ ಸ್ವಭಾವದಂತೆ ಅವರ ಬದುಕನ್ನೂ ಎರಡು ತಾರೀಖುಗಳಿಗೆ ಇಳಿಸಿಬಿಡಬಹುದು: ಜನನ 1910ರ ಅಕ್ಟೋಬರ್ 10, ಸೊಲ್ಲಾಪುರ, ಮರಣ 1942ರ ಡಿಸೆಂಬರ್ 9, ಉತ್ತರ ಚೀನ. ನಡುವಣ ಮೂವತ್ತೆರಡು ವರ್ಷಗಳನ್ನು ಓದುಗನೇ ತುಂಬಿಕೊಳ್ಳಬೇಕು.

ಮಧ್ಯಮವರ್ಗದ ದೊಡ್ಡ ಕುಟುಂಬ ಅವರದು. ಮುಂಬಯಿಯ ಜಿ. ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿ ಪದವಿ ಪಡೆದು, ಉನ್ನತ ವ್ಯಾಸಂಗದ ಸಿದ್ಧತೆಯಲ್ಲಿದ್ದರು. ಅಷ್ಟರಲ್ಲಿ, 1937ರಲ್ಲಿ, ಜಪಾನು ಚೀನದ ಮೇಲೆ ದಂಡೆತ್ತಿ ಹೋಯಿತು. ಚೀನದ ಸೇನಾನಿ ಝು ದೆ ಅವರು ನೆಹರೂ ಅವರಿಗೆ ಪತ್ರ ಬರೆದು ವೈದ್ಯರ ನೆರವು ಕೋರಿದರು. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಜನರಲ್ಲಿ ಮನವಿ ಮಾಡಿ ಹಣ ಕೂಡಿಸಿದರು. ತಾನೇ ಪರರ ಆಳ್ವಿಕೆಯಲ್ಲಿದ್ದ ದೇಶವೊಂದು ಮತ್ತೊಂದು ದೇಶದ ಗಾಯಕ್ಕೆ ಮದ್ದು ಕಳಿಸಿದ ಈ ಪ್ರಸಂಗಕ್ಕೆ ನಮ್ಮ ಇತಿಹಾಸದ ಪುಸ್ತಕಗಳು ಕೊಟ್ಟಿರುವ ಜಾಗ ತೀರ ಸಣ್ಣದು. 1938ರ ಸೆಪ್ಟೆಂಬರಿನಲ್ಲಿ ಅಟಲ್, ಚೋಳಕರ, ಬಸು, ಮುಖರ್ಜಿ, ಕೋಟಣೀಸ ಈ ಐವರು ವೈದ್ಯರು ಮುಂಬಯಿಯಿಂದ ಹಡಗು ಹತ್ತಿದರು. ಐವರಲ್ಲಿ ಕೋಟಣೀಸರೂ ತರುಣರ ಸಾಲಿಗೆ ಸೇರಿದವರು.

ಯೆನಾನ್ ತಲುಪುವ ಮೊದಲೇ ತಂದೆ ತೀರಿಕೊಂಡ ಸುದ್ದಿ ಬಂತು. ಮರಳಿ ಹೋಗಲು ಯಾರೂ ಅಡ್ಡಿ ಮಾಡುವಂತಿರಲಿಲ್ಲ. ಹಿಂದೂ ಮನೆಯ ಮಗನೊಬ್ಬನಿಗೆ ಆಗಿನ ಕಾಲದಲ್ಲಿ ಅದು ಕರ್ತವ್ಯವೂ ಆಗಿತ್ತು. ಅವರು ಮುಂದಕ್ಕೇ ಹೋದರು. 1939ರ ಫೆಬ್ರುವರಿಯಲ್ಲಿ ಯೆನಾನ್ ಸೇರಿ, ಎಂಟನೆಯ ಮಾರ್ಗ ಸೇನೆಯಲ್ಲಿ ಕೆಲಸ ಆರಂಭಿಸಿ, ಅನಂತರ ಕದನ ನಡೆಯುತ್ತಿದ್ದ ಉತ್ತರದ ಬೆಟ್ಟಗಳಿಗೆ ತೆರಳಿದರು. ಬಾಡಿಗೆಯ ಗುಡಿಸಿಲು, ಪಾಳು ಗುಡಿ, ಗುಹೆ ಇವೇ ಅಲ್ಲಿಯ ಆಸ್ಪತ್ರೆಗಳು. ಔಷಧಿಯ ಕೊರತೆ ನಿತ್ಯದ ಮಾತು. 1940ರ ಕದನವೊಂದರಲ್ಲಿ ಅವರು ನಿದ್ದೆಯಿಲ್ಲದೆ ಸತತ 72 ಗಂಟೆ ಶಸ್ತ್ರಚಿಕಿತ್ಸೆ ನಡೆಸಿದರೆಂದು ಅವರ ಚರಿತ್ರಕಾರರು ಹೇಳುತ್ತಾರೆ.

ಇಲ್ಲೊಂದು ಮಾತು. ವೀರಗಲ್ಲಿನ ಕೆಳ ಅಂಕಣದಲ್ಲಿ ಕಾಳಗದ ಚಿತ್ರವಿರುತ್ತದೆಂದು ನೀವು ಓದಿದ್ದೀರಿ. ಮರಾಠಿಯ ‘ವೀರಗಳ’ ಎಂಬ ಪದವೂ ನಮ್ಮ ವೀರಗಲ್ಲಿನಿಂದಲೇ ಬಂದದ್ದು. ಕೋಟಣೀಸರಿಗೆ ಅಂಥದೊಂದು ಕಲ್ಲು ನಿಲ್ಲಿಸಹೊರಟ ಶಿಲ್ಪಿಗೆ ಕತ್ತಿಯ ಜಾಗದಲ್ಲಿ ಚಿಮಟ ಮತ್ತು ಲಾಂದ್ರವನ್ನು ಕೆತ್ತಬೇಕಾಗುತ್ತಿತ್ತು.

ಕೆನಡಾದ ವೈದ್ಯ ನಾರ್ಮನ್ ಬೆಥ್ಯೂನ್ 1939ರ ನವೆಂಬರಿನಲ್ಲಿ, ಶಸ್ತ್ರಚಿಕಿತ್ಸೆಯ ವೇಳೆ ಬೆರಳಿಗಾದ ಗಾಯ ನಂಜೇರಿ, ಅದೇ ಪ್ರದೇಶದಲ್ಲಿ ಮಡಿದಿದ್ದರು. ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರಲ್ಲಿ ಕೋಟಣೀಸರು ನಿರ್ದೇಶಕರಾದರು. ಚೀನೀ ಭಾಷೆಯನ್ನು ರೋಗಿಯ ಜೊತೆ ಮಾತನಾಡುವಷ್ಟಲ್ಲ, ವಿದ್ಯಾರ್ಥಿಗಳಿಗೆ ಪಾಠ ಹೇಳುವಷ್ಟು ಕಲಿತರು. ಶಸ್ತ್ರವೈದ್ಯದ ಪಠ್ಯ ಬರೆಯತೊಡಗಿದರು. ಎರಡು ಭಾಷೆಗಳ ನಡುವೆ ಬೆಳೆದ ಊರಿನವನಿಗೆ ಮೂರನೆಯದು, ನಾಲ್ಕನೆಯದು ಅಷ್ಟು ಪರಕೀಯವೆನಿಸದು. ಇದು ನನ್ನ ಊಹೆಯಷ್ಟೇ.

ಆ ವರ್ಷದ ಕೊನೆಗೆ ಶುಶ್ರೂಷಾ ಶಿಕ್ಷಕಿ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರ ಆಗಸ್ಟಿನಲ್ಲಿ ಗಂಡುಮಗು ಹುಟ್ಟಿತು. ಅದಕ್ಕಿಟ್ಟ ಹೆಸರು ಯಿನ್‌ಹುವಾ: ‘ಯಿನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನ. ದ್ವಂದ್ವ ಸಮಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ದೊರೆತಿಲ್ಲ. ಮಗುವಿಗೆ ನಾಲ್ಕು ತಿಂಗಳು ತುಂಬುವ ಮೊದಲೇ ತಂದೆ ಅಪಸ್ಮಾರದ ಆಘಾತದಿಂದ ತೀರಿಕೊಂಡರು. ಗುಂಡು ತಗುಲಿ ಸತ್ತವರಲ್ಲ. ದಣಿವು, ಹಸಿವು ಮತ್ತು ರೋಗದಿಂದ ಸವೆದು ಸತ್ತವರು. ಜೊತೆಗೆ ಹೋದ ನಾಲ್ವರೂ ಒಬ್ಬೊಬ್ಬರಾಗಿ ಸ್ವದೇಶ ಸೇರಿದರು. ಕೆ. ಎ. ಅಬ್ಬಾಸರ ಪುಸ್ತಕವೂ 1946ರಲ್ಲಿ ವಿ. ಶಾಂತಾರಾಮರು ತೆಗೆದ ಚಲನಚಿತ್ರವೂ ಮರಳದೆ ಉಳಿದ ಐದನೆಯವರನ್ನು ಮನೆಮನೆಗೆ ಮುಟ್ಟಿಸಿದವು.

ಚೀನದ ಶಿಜಿಯಾಜುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ ಕೋಟಣೀಸರ ಸಮಾಧಿಯಿದೆ, ಪ್ರತಿಮೆಯಿದೆ. ಬೆಥ್ಯೂನರೂ ಅಲ್ಲಿಯೇ ಇದ್ದಾರೆ. 1962ರ ಯುದ್ಧದ ಕಹಿಯೂ ಆ ಕಲ್ಲನ್ನು ಅಲುಗಿಸಲಿಲ್ಲ. ಚೀನದಿಂದ ನಾಯಕರು ಬಂದಾಗಲೆಲ್ಲ ಕೋಟಣೀಸರ ಮನೆಯವರನ್ನು ಕಂಡು ಹೋಗುವ ರೂಢಿ ಬೆಳೆಯಿತು. ಸೊಲ್ಲಾಪುರದಲ್ಲಿ ಅವರ ಹಳೆಯ ಮನೆ ನವೀಕರಣಗೊಂಡು ಸ್ಮಾರಕವಾಗಿ ತೆರೆದುಕೊಂಡದ್ದು ಬಹಳ ತಡವಾಗಿ, 2012ರಲ್ಲಿ. ಯಿನ್‌ಹುವಾ ಅದನ್ನು ಕಾಣಲಿಲ್ಲ. ತಂದೆಯ ವಿದ್ಯೆಯನ್ನೇ ಕಲಿಯುತ್ತಿದ್ದ ಅವನು 1967ರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ ತೀರಿಕೊಂಡಿದ್ದ. ಹಲವು ಬಾರಿ ಭಾರತಕ್ಕೆ ಬಂದುಹೋಗಿದ್ದ ಗುವೊ ಚಿಂಗ್‌ಲಾನ್ ಅದೇ 2012ರ ಜೂನಿನಲ್ಲಿ ಚೀನದಲ್ಲಿ ಕಣ್ಣುಮುಚ್ಚಿದರು.