ನಲವತ್ತರಲ್ಲಿ ಮಣ್ಣಿಗೆ ಒಲಿದಾಕೆ

ಬೀಟ್ರಿಸ್ ವುಡ್ ಎಂಬ ಹೆಸರಿನ ಬೆನ್ನಿಗೇ ಒಂದಿಷ್ಟು ಕಥೆಗಳೂ ಬರುತ್ತವೆ. ಆಧುನಿಕ ಕಲೆಯ ದಿಕ್ಕನ್ನೇ ಬದಲಿಸಿದ ಮಾರ್ಸೆಲ್ ದ್ಯುಶಾಂಪ್ ಅವರ ಗೆಳತಿ. 'ಟೈಟಾನಿಕ್' ಚಿತ್ರದ ವೃದ್ಧೆ ರೋಸ್‌ಳ ಪಾತ್ರಕ್ಕೆ ನಿರ್ದೇಶಕ ಜೇಮ್ಸ್ ಕ್ಯಾಮರೂನ್‌ಗೆ ಸ್ಫೂರ್ತಿಯಾದಾಕೆ. ದೀರ್ಘಾಯುಷ್ಯದ ಗುಟ್ಟು ಕೇಳಿದವರಿಗೆ ಚಾಕೊಲೇಟ್ ಮತ್ತು ಯುವಕರೇ ಕಾರಣವೆಂದು ಹೇಳಿ ನಗುತ್ತಿದ್ದ ತುಂಟ ಅಜ್ಜಿ. ಇದಾವುದೂ ಸುಳ್ಳಲ್ಲ. ಆದರೆ 105 ವರ್ಷ ಬದುಕಿದ ಈ ಅಮೆರಿಕನ್ ಮಹಿಳೆ ಅದರಲ್ಲಿ ಅರವತ್ತಕ್ಕೂ ಹೆಚ್ಚು ವರ್ಷಗಳನ್ನು ಕಳೆದದ್ದು ಮಣ್ಣಿನೊಡನೆ, ಕುಂಬಾರರ ತಿಗುರಿ ಮತ್ತು ಆವಿಗೆಗಳ ನಡುವೆ. ಪ್ರಣಯ ಪ್ರಸಂಗಗಳ ಗದ್ದಲದಲ್ಲಿ ಆ ದುಡಿಮೆ ಮರೆಯಾಗಿಹೋಗುತ್ತದೆ. ಪುರುಷ ಕಲಾವಿದರ ವಿಷಯದಲ್ಲಿ ಹೀಗಾಗುವುದು ಅಪರೂಪ.

ವುಡ್ ಹುಟ್ಟಿದ್ದು 1893ರ ಮಾರ್ಚ್ 3ರಂದು, ಸ್ಯಾನ್ ಫ್ರಾನ್ಸಿಸ್ಕೊದ ಸಿರಿವಂತ ಮನೆಯಲ್ಲಿ; ಬೆಳೆದದ್ದು ನ್ಯೂಯಾರ್ಕ್‌ನಲ್ಲಿ. ಪ್ಯಾರಿಸ್‌ಗೆ ಹೋಗಿ ಚಿತ್ರಕಲೆ, ನಟನೆ ಕಲಿಯುತ್ತಿದ್ದಾಗ ಮೊದಲ ಮಹಾಯುದ್ಧ ಆರಂಭವಾಗಿ ಹಿಂತಿರುಗಬೇಕಾಯಿತು. ನ್ಯೂಯಾರ್ಕ್‌ನ ಫ್ರೆಂಚ್ ನಾಟಕ ಮಂಡಲಿಯೊಂದರಲ್ಲಿ ನಟಿಸುತ್ತಿದ್ದ ದಿನಗಳಲ್ಲಿ, 1916ರಲ್ಲಿ, ದ್ಯುಶಾಂಪ್ ಅವರ ಪರಿಚಯವಾಯಿತು. ಮರುವರ್ಷ ದ್ಯುಶಾಂಪ್ ಮತ್ತು ಲೇಖಕ ಆಂರಿ-ಪಿಯೇರ್ ರೋಶೆ ಜತೆ ಸೇರಿ ಒಂದು ಪುಟ್ಟ ಪತ್ರಿಕೆ ಹೊರಡಿಸಿದರು. ಕಲಾ ಪ್ರದರ್ಶನಕ್ಕೆಂದು ಕಳುಹಿಸಿದ್ದ ಮೂತ್ರಪಾತ್ರೆಯೊಂದನ್ನು ಸಂಘಟಕರು ಮರೆಮಾಡಿದಾಗ ಅದರ ಪರವಾಗಿ ವಾದಿಸಿದ್ದು ಈ ಪತ್ರಿಕೆಯೇ. ಆ ಮೂತ್ರಪಾತ್ರೆಯೂ ಪಿಂಗಾಣಿಯದೇ ಎಂಬುದನ್ನು ಇಲ್ಲಿ ನೆನೆಯದೆ ಇರಲಾಗದು.

ಮುಂದಿನ ವರ್ಷಗಳು ಸುಖದವಲ್ಲ. ಮದುವೆ ಮುರಿಯಿತು, ಪ್ರೇಮ ಕೈಕೊಟ್ಟಿತು, ಕೈಯಲ್ಲಿದ್ದ ಹಣವೂ ಕರಗಿತು. 1923ರಲ್ಲಿ ಥಿಯಾಸಫಿಕಲ್ ಸೊಸೈಟಿ ಸೇರಿದ ವುಡ್, ಜಿಡ್ಡು ಕೃಷ್ಣಮೂರ್ತಿಯವರ ಮಾತುಗಳತ್ತ ಒಲಿದು 1928ರಲ್ಲಿ ಲಾಸ್ ಏಂಜಲೀಸ್‌ಗೆ ಬಂದು ನೆಲೆಸಿದರು. ಅವರ ಉಪನ್ಯಾಸ ಕೇಳಲೆಂದೇ 1930ರಲ್ಲಿ ನೆದರ್‌ಲೆಂಡ್ಸ್‌ಗೆ ಹೋದರು. ಅಲ್ಲಿನ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಲೋಹದಂತೆ ಹೊಳೆಯುವ ಆರು ತಟ್ಟೆಗಳು ಕಣ್ಣಿಗೆ ಬಿದ್ದವು, ಕೊಂಡು ತಂದರು. ಅವುಗಳಿಗೆ ಒಪ್ಪುವ ಟೀಪಾಟ್ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ. ತಾನೇ ಏಕೆ ಮಾಡಬಾರದು ಎಂದುಕೊಂಡು 1933ರಲ್ಲಿ ಹಾಲಿವುಡ್ ಹೈಸ್ಕೂಲಿನ ಕುಂಬಾರಿಕೆ ತರಗತಿಗೆ ಸೇರಿದರು. ಆಗ ಅವರಿಗೆ ನಲವತ್ತು ವರ್ಷ. ಒಂದೆರಡು ದಿನದ ಕೆಲಸವೆಂಬುದು ಅವರ ಎಣಿಕೆ. ಆ ತರಗತಿಯಲ್ಲಿ ಟೀಪಾಟ್ ಆಗಲಿಲ್ಲ. ಮಣ್ಣು ಮಾತ್ರ ಕೈ ಬಿಡಲಿಲ್ಲ.

ಸುಲಭವಾಗಿ ಕೈಹಿಡಿದ ವಿದ್ಯೆಯೇನೂ ಅಲ್ಲ ಅದು. ತಾನು ಹುಟ್ಟು ಪ್ರತಿಭೆಯಲ್ಲವೆಂದು ಅವರೇ ಒಪ್ಪಿಕೊಳ್ಳುತ್ತಿದ್ದರು. 1938ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬಂದ ಮಹಾಪೂರ ಮನೆಯನ್ನೇ ಕೊಚ್ಚಿಕೊಂಡು ಹೋಯಿತು. ಅದೇ ವರ್ಷ ವಿಶ್ವವಿದ್ಯಾಲಯದಲ್ಲಿ ಗ್ಲೆನ್ ಲ್ಯೂಕೆನ್ಸ್ ಬಳಿ ಕಲಿಕೆ. 1940ರಲ್ಲಿ, ನಾಜಿಗಳಿಂದ ತಪ್ಪಿಸಿಕೊಂಡು ವಿಯೆನ್ನಾದಿಂದ ಬಂದಿದ್ದ ಗರ್ಟ್ರೂಡ್ ಮತ್ತು ಆಟೊ ನಾಟ್ಜ್ಲರ್ ದಂಪತಿಯ ಬಳಿ. ಗುರು-ಶಿಷ್ಯರ ಈ ನಂಟು ಕೊನೆಗೆ ಕಹಿಯಲ್ಲಿ ಮುಗಿಯಿತು. ಆದರೆ ತಿಗುರಿಯ ಮೇಲಿನ ಹಿಡಿತ, ಗ್ಲೇಜ್ ಬೆರೆಸುವ ಲೆಕ್ಕಾಚಾರ ಅಷ್ಟರಲ್ಲಿ ಅವರದಾಗಿತ್ತು. ಮನರಂಜನೆಗೆಂದು ಹಿಡಿದ ಹವ್ಯಾಸವೇ ಹೊಟ್ಟೆಪಾಡಿನ ಕಸುಬಾಯಿತು.

ಅವರಿಗೆ ಹೆಸರು ತಂದದ್ದು ಆ ತಟ್ಟೆಗಳಲ್ಲಿ ಕಂಡಿದ್ದ ಹೊಳಪೇ. ಒಂಬತ್ತನೆಯ ಶತಮಾನದ ಇರಾಕಿನ ಕುಂಬಾರರು ಕಂಡುಕೊಂಡು, ಈಜಿಪ್ಟ್, ಪರ್ಷಿಯ, ಸ್ಪೇನ್‌ಗಳಿಗೆ ಹಬ್ಬಿದ ಲಸ್ಟರ್ ಎಂಬ ವಿದ್ಯೆ ಅದು. ಆವಿಗೆಯ ಉರಿಗೆ ಗಾಳಿ ಸಾಲದಂತೆ ಮಾಡಿದರೆ, ಅದು ತನಗೆ ಬೇಕಾದ ಆಮ್ಲಜನಕವನ್ನು ಪಾತ್ರೆಯ ಮೇಲಿನ ಬೆಳ್ಳಿ, ತಾಮ್ರಗಳ ಲವಣಗಳಿಂದಲೇ ಸೆಳೆದುಕೊಳ್ಳುತ್ತದೆ. ಲೋಹದ ಅತಿ ತೆಳುವಾದ ಪದರವೊಂದು ಉಳಿದು ಮಿನುಗುತ್ತದೆ. ಹಳಬರು ಮೊದಲೇ ಸುಟ್ಟು ಗ್ಲೇಜ್ ಕೊಟ್ಟ ಪಾತ್ರೆಯ ಮೇಲೆ ಇದನ್ನು ಚಿತ್ರದಂತೆ ಬಿಡಿಸಿ ಮತ್ತೆ ಸುಡುತ್ತಿದ್ದರು. ವುಡ್ ಗ್ಲೇಜಿನೊಳಗೇ ಲವಣಗಳನ್ನು ಬೆರೆಸಿ, ಪಾತ್ರೆ ಇಡಿಯಾಗಿ ಬಂಗಾರದಂತೆ, ನವಿಲುಗರಿಯಂತೆ ಮಿನುಗುವಂತೆ ಮಾಡಿದರು. ಹೊಗೆ ತುಸು ಹೆಚ್ಚಾದರೆ ಎಲ್ಲ ಕಪ್ಪು. ಕಡಿಮೆಯಾದರೆ ಹೊಳಪೇ ಇಲ್ಲ. ಆವಿಗೆ ತೆರೆಯುವ ತನಕ ಏನಾಗಿದೆಯೆಂದು ಹೇಳುವಂತಿರಲಿಲ್ಲ. ಎಷ್ಟೋ ಪಾತ್ರೆಗಳು ಕೆಟ್ಟವು. ಈ ಅನಿಶ್ಚಯವೇ ಅವರನ್ನು ದಿನದಿನವೂ ಕೆಲಸದ ಮನೆಗೆ ಎಳೆದು ತರುತ್ತಿತ್ತೆಂದು ತೋರುತ್ತದೆ.

ಅವರ ಪಾತ್ರೆಗಳು ಅಚ್ಚುಕಟ್ಟಾದವಲ್ಲ. ಅಂಚು ಅಂಕುಡೊಂಕು, ಮೈ ಅಲ್ಲಲ್ಲಿ ಉಬ್ಬುತಗ್ಗು. ತಿಗುರಿಯ ಕೌಶಲವೊಂದನ್ನೇ ಅಳೆಯುವವರು ನಾಟ್ಜ್ಲರ್ ದಂಪತಿಯನ್ನೇ ಮೇಲೆ ಇಡುತ್ತಾರೆ. ಅದು ನ್ಯಾಯವೂ ಹೌದು. ಆದರೆ ಆ ಡೊಂಕುಗಳ ಮೇಲೆ ಬೆಳಕು ಮುರಿದು ಚೆಲ್ಲುವ ಬಗೆ, ನೀಟಾದ ಪಾತ್ರೆಯಲ್ಲಿ ಸಾಧ್ಯವಿರಲಿಲ್ಲ.

1948ರಲ್ಲಿ ವುಡ್ ಕೃಷ್ಣಮೂರ್ತಿಯವರು ನೆಲೆಸಿದ್ದ ಓಹಾಯ್ ಕಣಿವೆಗೆ ಬಂದರು. ಭಾರತದ ನಂಟು ಅಲ್ಲಿ ಇನ್ನಷ್ಟು ಬಿಗಿಯಾಯಿತು. ಇದರಲ್ಲಿ ಕನ್ನಡ ನಾಡಿನ ಪಾಲೂ ಇದೆ. ಮಂಗಳೂರಿನಲ್ಲಿ ಹುಟ್ಟಿ, ಸ್ವಾತಂತ್ರ್ಯಾನಂತರ ದೇಶದ ಕರಕುಶಲ ಕಲೆಗಳ ಪುನರುಜ್ಜೀವನಕ್ಕೆ ಬದುಕನ್ನೇ ತೆತ್ತ ಕಮಲಾದೇವಿ ಚಟ್ಟೋಪಾಧ್ಯಾಯರು ವುಡ್ ಅವರನ್ನು ಭಾರತಕ್ಕೆ ಆಹ್ವಾನಿಸಿದರು. 1961ರಲ್ಲಿ ಭಾರತದ ಹಲವು ನಗರಗಳಲ್ಲಿ ಅವರ ಪಾತ್ರೆಗಳ ಪ್ರದರ್ಶನ ನಡೆಯಿತು. 1965 ಮತ್ತು 1972ರಲ್ಲಿ ಮತ್ತೆ ಬಂದರು. ಇಲ್ಲಿನ ಜನಪದ ಕಲೆಯ ವಸ್ತುಗಳನ್ನು ಆಸೆಪಟ್ಟು ಸಂಗ್ರಹಿಸಿದರು. ಮೊದಲ ಭೇಟಿಯ ನಂತರ ಅವರು ಉಟ್ಟದ್ದು ಸೀರೆ, ತೊಟ್ಟದ್ದು ಬೆಳ್ಳಿಯ ಒಡವೆ. ಸೆರಗು ಸಿಕ್ಕಿಸಿಕೊಂಡು ತಿಗುರಿಯ ಮುಂದೆ ಕುಳಿತ ಆ ಬಿಳಿಯ ಮುದುಕಿಯ ಚಿತ್ರವನ್ನು ನೋಡಿದವರು ಅದನ್ನು ವೇಷವೆಂದು ಭಾವಿಸಬಹುದು. ಮೂವತ್ತಕ್ಕೂ ಹೆಚ್ಚು ವರ್ಷ ಬಿಡದೆ ಉಟ್ಟದ್ದನ್ನು ವೇಷವೆನ್ನಲು ನನಗೆ ಮನಸ್ಸಾಗದು.

ಎಂಬತ್ತು ದಾಟಿದ ಮೇಲೆ ಅವರ ಕೆಲಸ ಇನ್ನಷ್ಟು ಧೈರ್ಯದ್ದಾಯಿತೆಂದು ಬಲ್ಲವರ ಮಾತು. ಬಂಗಾರದ ಹೊಳಪಿನ, ಹಲವು ಹಿಡಿಗಳ ದೊಡ್ಡ ಪಾನಪಾತ್ರೆಗಳು, ಟೀಪಾಟ್‌ಗಳು, ಗಂಡು-ಹೆಣ್ಣಿನ ಸಂಬಂಧವನ್ನು ಗೇಲಿ ಮಾಡುವ ಮಣ್ಣಿನ ಗೊಂಬೆಗಳು ಮೂಡಿದ್ದು ಆ ಇಳಿವಯಸ್ಸಿನಲ್ಲಿ. 1985ರಲ್ಲಿ ಆತ್ಮಕಥೆ ಬಂತು. ನೂರು ತುಂಬಿದ ಮೇಲೂ ಮಣ್ಣು ಕಲಸುವುದು ನಿಲ್ಲಲಿಲ್ಲ. 1998ರ ಮಾರ್ಚ್ 12ರಂದು, ನೂರೈದನೆಯ ಹುಟ್ಟುಹಬ್ಬ ಕಳೆದು ಒಂಬತ್ತನೆಯ ದಿನ, ಓಹಾಯ್‌ನಲ್ಲೇ ತೀರಿಕೊಂಡರು.

ಮನೆ ಮತ್ತು ಕೆಲಸದ ಕೋಣೆಯನ್ನು ಅವರು ಬಿಟ್ಟುಹೋದದ್ದು ಹ್ಯಾಪಿ ವ್ಯಾಲಿ ಪ್ರತಿಷ್ಠಾನಕ್ಕೆ. ಅದರ ಜಾಗವನ್ನು 1927ರಲ್ಲಿ ಕೊಂಡು ಕೊಟ್ಟವರು ಆನಿ ಬೆಸೆಂಟ್. ಆ ಮನೆ ಈಗ ಅವರ ಹೆಸರಿನ ಕಲಾಕೇಂದ್ರವಾಗಿದೆ. ಅಲ್ಲಿ ಅವರ ಹೊಳೆಯುವ ಪಾತ್ರೆಗಳ ಜತೆ, ಭಾರತದಿಂದ ಹೊತ್ತು ತಂದ ಜನಪದ ಕಲಾವಸ್ತುಗಳೂ ಇವೆ.