ಬೂತಾಯಿಯ ಲೆಕ್ಕ ಕೇಳಿದ ಅಧಿಕಾರಿ: ಫ್ರೆಡರಿಕ್ ನಿಕೋಲ್ಸನ್

ಬೂತಾಯಿ ಸಿಗದ ವರ್ಷ ಕರಾವಳಿಯ ಮೀನು ಮಾರುಕಟ್ಟೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ಕಡಲು ಎಂದೂ ಬರಿದಾಗುವುದಿಲ್ಲ, ಮೀನು ಬೇರೆ ಕಡೆ ಹೋಗಿದೆ ಅಷ್ಟೇ ಎನ್ನುವುದು ಒಂದು. ಯಾರೋ ದೊಡ್ಡ ಬಲೆ ಹಾಕಿ ಎಲ್ಲವನ್ನೂ ಬಾಚಿಬಿಟ್ಟರು ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ನಿಜವಿದೆ, ಆದರೆ ಯಾವುದೂ ಪೂರ್ತಿ ನಿಜವಲ್ಲ. ಇದು ನಮಗೆ ಹೇಗೆ ಗೊತ್ತಾಯಿತು ಎಂದು ಹುಡುಕುತ್ತಾ ಹಿಂದಕ್ಕೆ ಹೋದರೆ, ನೂರು ವರ್ಷಕ್ಕೂ ಹಿಂದಿನ ಮದ್ರಾಸ್ ಪ್ರಾಂತ್ಯದ ಒಬ್ಬ ಅಧಿಕಾರಿ ಎದುರಾಗುತ್ತಾರೆ. ಅವರು ಜೀವವಿಜ್ಞಾನಿಯಲ್ಲ, ಕಂದಾಯ ಇಲಾಖೆಯ ಮನುಷ್ಯ. ಹೆಸರು ಸರ್ ಫ್ರೆಡರಿಕ್ ಅಗಸ್ಟಸ್ ನಿಕೋಲ್ಸನ್.

ಭಾರತದ ಸಹಕಾರ ಚಳವಳಿಯ ಚರಿತ್ರೆಯಲ್ಲೂ ಮೀನುಗಾರಿಕೆಯ ಚರಿತ್ರೆಯಲ್ಲೂ ಇವರ ಹೆಸರು ಬರುತ್ತದೆ. ಸಾಲದ ಲೆಕ್ಕ ಮತ್ತು ಮೀನಿನ ಲೆಕ್ಕ ಒಬ್ಬರ ಕೈಗೇ ಬಂದದ್ದು ಹೇಗೆ ಎಂಬುದರಲ್ಲೇ ಈ ಕಥೆಯ ತಿರುಳಿದೆ.

ಬರಗಾಲ ಕಂಡ ಕಲೆಕ್ಟರ್

ನಿಕೋಲ್ಸನ್ ಹುಟ್ಟಿದ್ದು 1846ರಲ್ಲಿ. 1869ರಲ್ಲಿ ಇಂಡಿಯನ್ ಸಿವಿಲ್ ಸರ್ವೀಸ್ ಸೇರಿ ಮದ್ರಾಸ್ ಪ್ರಾಂತ್ಯಕ್ಕೆ ಬಂದರು. ಕೆಲವೇ ವರ್ಷಗಳಲ್ಲಿ, 1876ರಿಂದ 1878ರವರೆಗೆ, ದಕ್ಷಿಣ ಭಾರತವನ್ನು ಭೀಕರ ಬರ ಹಿಡಿಯಿತು. ಮದ್ರಾಸ್ ಪ್ರಾಂತ್ಯ, ಮೈಸೂರು, ಬಾಂಬೆ ಪ್ರಾಂತ್ಯದ ದಕ್ಷಿಣ ಭಾಗಗಳಲ್ಲಿ ಲಕ್ಷಾಂತರ ಜನ ಸತ್ತರು. ಮಳೆ ಕೈಕೊಟ್ಟದ್ದು ನಿಜ. ಆದರೆ ಮಳೆ ಇಲ್ಲದ ಒಂದು ವರ್ಷವನ್ನು ದಾಟಲು ಬೇಕಾದ ದವಸವೋ ದುಡ್ಡೋ ಬಡವರ ಬಳಿ ಇರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಮುಂದೆ ನಿಕೋಲ್ಸನ್ ಕೊಯಮತ್ತೂರು ಜಿಲ್ಲೆಯ ಕೈಪಿಡಿಯನ್ನು ಬರೆದರು. ಅದು ಪ್ರಕಟವಾದದ್ದು 1887ರಲ್ಲಿ. 1892ರಲ್ಲಿ ಮದ್ರಾಸ್ ಸರ್ಕಾರ ಅವರಿಗೆ ಹೊಸ ಕೆಲಸ ಒಪ್ಪಿಸಿತು. ರೈತನಿಗೆ ಕಡಿಮೆ ಬಡ್ಡಿಯ ಸಾಲ ಕೊಡುವ ಬ್ಯಾಂಕುಗಳನ್ನು ಇಲ್ಲಿ ಕಟ್ಟಬಹುದೇ ಎಂದು ಯುರೋಪಿಗೆ ಹೋಗಿ ನೋಡಿಬರುವುದು ಆ ಕೆಲಸ. 1895 ಮತ್ತು 1897ರಲ್ಲಿ ಅವರ ವರದಿ ಎರಡು ಸಂಪುಟಗಳಲ್ಲಿ ಬಂತು. ಜರ್ಮನಿಯ ಹಳ್ಳಿಗಳಲ್ಲಿ ರೈಫೈಸನ್ ಎಂಬಾತ ಕಟ್ಟಿದ್ದ ಸಣ್ಣ ಸಾಲ ಸಂಘಗಳು ಅವರಿಗೆ ಹಿಡಿಸಿದ್ದವು. ಅಲ್ಲಿ ಊರಿನವರೇ ಸದಸ್ಯರು, ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ. ಹಣಕ್ಕಿಂತ ಮೊದಲು ಇಂಥ ಸಂಘ ಕಟ್ಟಬಲ್ಲ ಜನ ಬೇಕು ಎನ್ನುವುದು ವರದಿಯ ಸಾರ.

1904ರ ಸಹಕಾರಿ ಸಾಲ ಸಂಘಗಳ ಕಾಯಿದೆಗೆ ಈ ವರದಿಯೂ ಒಂದು ಬುನಾದಿ. ಆ ಕಾಯಿದೆಯಡಿ ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ಸಹಕಾರ ಸಂಘ ಶುರುವಾಯಿತು. ಇಂದಿಗೂ ನಾವು ಹೆಮ್ಮೆಯಿಂದ ನೆನೆಯುವ ಸಂಘ ಅದು. ಈ ನಡುವೆ ನಿಕೋಲ್ಸನ್ 1901ರ ಬರ ಆಯೋಗದ ಸದಸ್ಯರೂ ಆಗಿದ್ದರು.

ಕಡಲ ಕಡೆಗೆ ತಿರುಗಿದ್ದು

ಅರವತ್ತರ ಹೊಸ್ತಿಲಲ್ಲಿದ್ದ ನಿಕೋಲ್ಸನ್‌ಗೆ 1905ರಲ್ಲಿ ಪ್ರಾಂತ್ಯದ ಮೀನುಗಾರಿಕೆಯನ್ನು ಪರಿಶೀಲಿಸುವ ಹೊಣೆ ಬಂತು. 1907ರಲ್ಲಿ ಅದಕ್ಕಾಗಿಯೇ ಒಂದು ಕಚೇರಿ ತೆರೆಯಿತು. ಅದೇ ಮುಂದೆ ಮದ್ರಾಸ್ ಮೀನುಗಾರಿಕೆ ಇಲಾಖೆಯಾಯಿತು. ನಿಕೋಲ್ಸನ್ ಅದರ ಗೌರವ ನಿರ್ದೇಶಕರಾಗಿ 1918ರವರೆಗೆ ದುಡಿದರು.

ಆಗ ದಕ್ಷಿಣ ಕನ್ನಡ ಮತ್ತು ಮಲಬಾರು ಎರಡೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಕಾರವಾರ ಇದ್ದ ಉತ್ತರ ಕನ್ನಡ ಮಾತ್ರ ಬಾಂಬೆಗೆ ಸೇರಿತ್ತು. ಮಂಗಳೂರಿನವರು ಬೂತಾಯಿ, ಕಾರವಾರದವರು ತಾರ್ಲೆ, ಮಲಬಾರಿನವರು ಮತ್ತಿ ಎನ್ನುವುದು ಒಂದೇ ಮೀನನ್ನು. ಮೀನಿಗೆ ಗಡಿ ಇರಲಿಲ್ಲ, ಅದರ ಲೆಕ್ಕ ಇಡುವ ಸರ್ಕಾರಗಳಿಗೆ ಇತ್ತು.

ಒಳನಾಡಿನಲ್ಲಿ ಜನ ಹಸಿದಿದ್ದಾಗ ಪಡುವಣ ಕರಾವಳಿಯಲ್ಲಿ ಬೂತಾಯಿ ಕೊಳೆಯುತ್ತಿತ್ತು. ಮಳೆಗಾಲ ಮುಗಿದ ಮೇಲಿನ ಕೆಲವು ವಾರ ಅದು ರಾಶಿರಾಶಿಯಾಗಿ ಬರುತ್ತಿತ್ತು. ಮಂಜುಗಡ್ಡೆ ಇಲ್ಲ, ವೇಗದ ಸಾಗಣೆ ಇಲ್ಲ. ತಿಂದು ಮಿಕ್ಕಿದ್ದನ್ನು ಮರಳಿನ ಮೇಲೆ ಹರವಿ ಒಣಗಿಸಿ ತೆಂಗಿನ ಬುಡಕ್ಕೆ, ಕಾಫಿ ತೋಟಕ್ಕೆ ಗೊಬ್ಬರವಾಗಿ ಮಾರುತ್ತಿದ್ದರು. ಕೆಲವೆಡೆ ಮೀನನ್ನು ಕೊಳೆಸಿ ಎಣ್ಣೆ ತೆಗೆಯುತ್ತಿದ್ದರು. ನಾತದ ಆ ಎಣ್ಣೆಗೂ ಮರಳು ಬೆರೆತ ಆ ಗೊಬ್ಬರಕ್ಕೂ ಸಿಗುತ್ತಿದ್ದ ಬೆಲೆ ಕಡಿಮೆ.

ಬೂತಾಯಿಯನ್ನು ಬರೀ ಬಿಸಿಲಲ್ಲಿ ಒಣಗಿಸಿ ಏಕೆ ಇಡಲಾಗುವುದಿಲ್ಲ? ಅದರ ಮೈಯಲ್ಲಿ ಕೊಬ್ಬು ಹೆಚ್ಚು. ಆ ಕೊಬ್ಬು ಗಾಳಿಯ ಆಮ್ಲಜನಕದೊಂದಿಗೆ ಬೇಗ ವರ್ತಿಸಿ ಕಮಟಾಗುತ್ತದೆ. ಇಂದು ವೈದ್ಯರು ಒಳ್ಳೆಯದೆನ್ನುವ ಒಮೆಗಾ-3 ಕೊಬ್ಬೇ ಮೀನು ಬೇಗ ಕೆಡಲೂ ಕಾರಣ.

ಉಪ್ಪು, ಮೀನು ಮತ್ತು ಒಂದು ಸುಳ್ಳು ನಂಬಿಕೆ

ಮೀನು ಉಳಿಸಲು ಉಪ್ಪು ಬೇಕು. ಉಪ್ಪು ಮೀನಿನ ಮೈಯ ನೀರನ್ನು ಹೊರಗೆಳೆಯುತ್ತದೆ. ನೀರಿಲ್ಲದ ಕಡೆ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಆದರೆ ಬ್ರಿಟಿಷ್ ಸರ್ಕಾರ ಉಪ್ಪಿನ ಮೇಲೆ ಭಾರೀ ತೆರಿಗೆ ಹಾಕಿತ್ತು. ನಿಕೋಲ್ಸನ್‌ಗಿಂತ ಮೊದಲೇ ಫ್ರಾನ್ಸಿಸ್ ಡೇ ಎಂಬ ಸೇನಾ ವೈದ್ಯ ಭಾರತದ ಕಡಲ ಮೀನುಗಳ ಬಗ್ಗೆ 1873ರಲ್ಲಿ ವರದಿ ಕೊಟ್ಟು, ಈ ತೆರಿಗೆಯಿಂದ ಮೀನುಗಾರಿಕೆಗೆ ಆಗುತ್ತಿದ್ದ ಪೆಟ್ಟನ್ನು ತೋರಿಸಿದ್ದರು. ಆಮೇಲೆ ಕರಾವಳಿಯಲ್ಲಿ ಬೇಲಿ ಹಾಕಿದ ಮೀನು ಉಪ್ಪಿಡುವ ಅಂಗಳಗಳು ಬಂದವು. ಅದರೊಳಗೆ ಮಾತ್ರ ತೆರಿಗೆಯಿಲ್ಲದ ಉಪ್ಪು ಸಿಗುತ್ತಿತ್ತು.

ಉಪ್ಪು ಸಿಕ್ಕರೆ ಸಾಲದು. ಹಳಸಿದ ಮೀನಿಗೆ ಎಷ್ಟು ಉಪ್ಪು ಹಾಕಿದರೂ ಅದು ಮತ್ತೆ ತಾಜಾ ಆಗುವುದಿಲ್ಲ. ಹಿಡಿದ ಕೂಡಲೇ ಕರುಳು ತೆಗೆದು, ಶುದ್ಧ ನೀರಲ್ಲಿ ತೊಳೆದು, ಆಮೇಲೆ ಉಪ್ಪಿಡಬೇಕು. ಮಲಬಾರಿನ ತಾನೂರಿನಲ್ಲಿ, ಮದ್ರಾಸಿನ ಬಳಿಯ ಎನ್ನೂರಿನಲ್ಲಿ ಇಲಾಖೆ ತೆರೆದ ಪ್ರಯೋಗ ಕೇಂದ್ರಗಳು ಈ ಸರಳ ಪಾಠವನ್ನು ಮಾಡಿ ತೋರಿಸಿದವು. ಇದಕ್ಕೆ ಇಂದಿನ ವಿಜ್ಞಾನ ಇನ್ನೊಂದು ಕಾರಣ ಸೇರಿಸಿದೆ. ಬಂಗುಡೆ, ಬೂತಾಯಿಯಂಥ ಮೀನುಗಳು ಬೆಚ್ಚಗಿನ ಜಾಗದಲ್ಲಿ ಹೆಚ್ಚು ಹೊತ್ತು ಉಳಿದರೆ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ಎಂಬ ವಸ್ತು ಉಂಟಾಗುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಮೀನು ತಿಂದು ಮುಖ ಕೆಂಪಾಗುವುದು, ಮೈ ತುರಿಸುವುದು ಎಷ್ಟೋ ಸಲ ಇದರಿಂದಲೇ ಹೊರತು ಅಲರ್ಜಿಯಿಂದಲ್ಲ.

ಆ ಕಾಲದಲ್ಲಿ ಮೀನಿನ ಮೇಲೆ ಇನ್ನೂ ದೊಡ್ಡ ಆರೋಪವಿತ್ತು. ಸರಿಯಾಗಿ ಉಪ್ಪಿಡದ ಮೀನು ತಿಂದರೆ ಕುಷ್ಠರೋಗ ಬರುತ್ತದೆ ಎಂದು ಲಂಡನ್ನಿನ ಹೆಸರಾಂತ ವೈದ್ಯ ಜೊನಾಥನ್ ಹಚಿನ್ಸನ್ ವಾದಿಸುತ್ತಿದ್ದರು. 1906ರಲ್ಲಿ ಅದರ ಮೇಲೆ ಪುಸ್ತಕವನ್ನೇ ತಂದರು. ಕುಷ್ಠಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಗುರುತಿಸಿದ್ದರೂ ಈ ವಾದ ಉಳಿದಿತ್ತು. ಮೀನಿಗೂ ಕುಷ್ಠಕ್ಕೂ ಸಂಬಂಧವಿಲ್ಲ. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಎಂದು ನಮ್ಮಲ್ಲಿ ಈಗಲೂ ಹೇಳುವ ಮಾತಿಗೂ ಆಧಾರವಿಲ್ಲ.

ಕಡಾಯಿ ಮತ್ತು ತಿರುಪಿನ ಒತ್ತುಯಂತ

ನಿಕೋಲ್ಸನ್ 1906ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಮೀನುಗಾರಿಕೆಯ ಬಗ್ಗೆ ಟಿಪ್ಪಣಿ ಬರೆದರು. ಸಣ್ಣ ದೋಣಿ, ಸಣ್ಣ ಬಂಡವಾಳದ ಜನರೇ ಹಂತಹಂತವಾಗಿ ಮೇಲೆ ಬರಬೇಕು ಎನ್ನುವುದು ಅವರ ನಿಲುವಾಗಿತ್ತು. ದೊಡ್ಡ ಕಂಪನಿಯನ್ನು ತಂದು ನಿಲ್ಲಿಸಿದರೆ ದಡದ ಜನ ಕೂಲಿಯಾಳುಗಳಾಗಿ ಉಳಿಯುತ್ತಾರಷ್ಟೇ.

ಬೂತಾಯಿ ಎಣ್ಣೆಗೆ ಅವರ ಇಲಾಖೆ ತೋರಿಸಿದ ದಾರಿಯೂ ಹಾಗೇ ಇತ್ತು. ತಾಜಾ ಮೀನನ್ನು ಕಡಾಯಿಯಲ್ಲಿ ಬೇಯಿಸಿ, ತಿರುಪಿನ ಒತ್ತುಯಂತದಲ್ಲಿ ಹಿಂಡಿ, ಮೇಲೆ ತೇಲುವ ಎಣ್ಣೆಯನ್ನು ಬೇರೆ ಮಾಡುವುದು. ಉಳಿದ ಹಿಂಡಿಯನ್ನು ಒಣಗಿಸಿದರೆ ಮರಳಿಲ್ಲದ ಒಳ್ಳೆಯ ಗೊಬ್ಬರ. ಎಣ್ಣೆಗೆ ಸೆಣಬಿನ ಗಿರಣಿ, ಚರ್ಮ ಹದ ಮಾಡುವವರು, ಸಾಬೂನು ಮಾಡುವವರು ಗಿರಾಕಿಗಳು. ಸಲಕರಣೆಯ ಬೆಲೆಯೂ ಕಡಿಮೆ. ಕೆಲವೇ ವರ್ಷಗಳಲ್ಲಿ ಪಡುವಣ ಕರಾವಳಿಯಲ್ಲಿ ಇಂಥ ನೂರಾರು ಸಣ್ಣ ಕಾರ್ಖಾನೆಗಳು ಎದ್ದವು. ಕೊಳೆಯುತ್ತಿದ್ದ ಮೀನಿಗೆ ಬೆಲೆ ಬಂತು.

ಇದರ ಜೊತೆಗೆ ಬೇಪೂರಿನ ಬಳಿಯ ಚಾಲಿಯಂನಲ್ಲಿ ಮೀನನ್ನು ಡಬ್ಬಿಯಲ್ಲಿ ತುಂಬುವ ಸರ್ಕಾರಿ ಕಾರ್ಖಾನೆ ನಡೆಯಿತು. ಮೀನುಗಾರರ ಮಕ್ಕಳಿಗೆ ಶಾಲೆ, ಮೀನುಗಾರರಿಗೆ ಸಹಕಾರ ಸಂಘ ಕೂಡ ಇಲಾಖೆಯ ಕೆಲಸಗಳಾದವು. ಸಾಲ ಸಂಘದ ವರದಿ ಬರೆದ ಮನುಷ್ಯನಿಗೆ ದೋಣಿ, ಬಲೆಗಿಂತ ಮೊದಲು ಸಾಲದ ಕುಣಿಕೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಉಳಿದುಹೋದ ಪ್ರಶ್ನೆ

ಮಾರುಕಟ್ಟೆಯ ಅರ್ಧ ಹೀಗೆ ಸರಿಹೋಯಿತು. ಉಳಿದರ್ಧ ಮೀನಿನದು. ಎಷ್ಟು ಹಿಡಿಯಬಹುದು? ಅದು ಎಲ್ಲಿ ಮೊಟ್ಟೆಯಿಡುತ್ತದೆ? ಎಷ್ಟು ವರ್ಷ ಬದುಕುತ್ತದೆ? ಎಣ್ಣೆಯ ಕಡಾಯಿಗಳು ಕುದಿಯತೊಡಗಿದಾಗ ಇದಕ್ಕೆ ಉತ್ತರ ಯಾರ ಬಳಿಯೂ ಇರಲಿಲ್ಲ. 1883ರಲ್ಲಿ ಲಂಡನ್ನಿನಲ್ಲಿ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ ದೊಡ್ಡ ಕಡಲ ಮೀನುಗಾರಿಕೆಗಳು ಬರಿದಾಗಲಾರವು ಎಂದು ಅಭಿಪ್ರಾಯಪಟ್ಟಿದ್ದರು. ಕಡಲು ಬರಿದಾಗದು ಎನ್ನುವುದು ಬರೀ ದಡದ ಜನರ ನಂಬಿಕೆಯಾಗಿರಲಿಲ್ಲ, ದೊಡ್ಡ ವಿಜ್ಞಾನಿಗಳದ್ದೂ ಆಗಿತ್ತು.

ಇಲಾಖೆಗೆ ಜೀವವಿಜ್ಞಾನ ತಂದವರು ಜೇಮ್ಸ್ ಹಾರ್ನೆಲ್. ಸಿಲೋನಿನ ಮುತ್ತಿನ ಚಿಪ್ಪುಗಳ ಮೇಲೆ ಕೆಲಸ ಮಾಡಿ ಬಂದಿದ್ದ ಇವರು ಮದ್ರಾಸಿನಲ್ಲಿ ಶಂಖ, ಮುತ್ತುಗಳ ಜೊತೆ ಬೂತಾಯಿಯನ್ನೂ ಅಧ್ಯಯನ ಮಾಡಿದರು. ನಿಕೋಲ್ಸನ್ ನಂತರ ಇಲಾಖೆಯ ನಿರ್ದೇಶಕರಾದವರೂ ಇವರೇ. ಬೂತಾಯಿಯ ಜೀವನಚರಿತ್ರೆಯ ಬಗ್ಗೆ ಹಾರ್ನೆಲ್ ಮತ್ತು ನಾಯುಡು ಅವರ ಪ್ರಬಂಧ 1920ರ ದಶಕದಲ್ಲಿ ಬಂತು. ಆ ಹೊತ್ತಿಗೆ ಕಾರ್ಖಾನೆಗಳು ಶುರುವಾಗಿ ವರ್ಷಗಳೇ ಕಳೆದಿದ್ದವು.

ಈಗ ನಮಗೆ ಗೊತ್ತಿರುವುದು ಇಷ್ಟು. ಬೂತಾಯಿಯ ಆಯುಸ್ಸು ಎರಡು-ಮೂರು ವರ್ಷ. ಸುಮಾರು ಒಂದು ವರ್ಷಕ್ಕೆ ಪ್ರಾಯಕ್ಕೆ ಬಂದು ಮಳೆಗಾಲದಲ್ಲಿ ಮೊಟ್ಟೆಯಿಡುತ್ತದೆ. ಆಗ ಮುಂಗಾರು ಗಾಳಿ ಕರಾವಳಿಯ ಮೇಲ್ಪದರದ ನೀರನ್ನು ಆಚೆ ಸರಿಸಿ, ತಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುವಂತೆ ಮಾಡುತ್ತದೆ. ಅದರಲ್ಲಿ ಸೂಕ್ಷ್ಮ ಪಾಚಿಗಳು ಹುಲುಸಾಗಿ ಬೆಳೆಯುತ್ತವೆ. ಅದನ್ನು ತಿಂದೇ ಬೂತಾಯಿ ಮರಿಗಳು ಬೆಳೆಯುವುದು, ದೊಡ್ಡವು ಕೊಬ್ಬುವುದು. ಆಯುಸ್ಸು ಇಷ್ಟು ಸಣ್ಣದಾದ್ದರಿಂದ ಒಂದೆರಡು ಮಳೆಗಾಲ ಹದ ತಪ್ಪಿದರೂ ಇಡೀ ಸಂತತಿ ಕುಸಿಯುತ್ತದೆ. ಹದವಾಗಿ ಬಂದರೆ ಅಷ್ಟೇ ಬೇಗ ಚೇತರಿಸುತ್ತದೆ. ಆದರೆ ಕುಸಿದ ಹೊತ್ತಿನಲ್ಲಿ ಮೊಟ್ಟೆಯಿಡುವ ಮೀನನ್ನೂ ಮರಿಗಳನ್ನೂ ಬಾಚಿದರೆ ಚೇತರಿಕೆ ತಡವಾಗುತ್ತದೆ. ಮೊದಲು ಹೇಳಿದ ಎರಡು ಮಾತುಗಳಲ್ಲಿ ಅರ್ಧರ್ಧ ನಿಜ ಇರುವುದು ಹೀಗೆ.

1940ರ ದಶಕದಲ್ಲಿ ಬೂತಾಯಿ ತೀರಾ ಕಡಿಮೆಯಾಯಿತು. ಮದ್ರಾಸ್ ಸರ್ಕಾರ ಇಲಾಖೆಯ ವಿಜ್ಞಾನಿ ದೇವನೇಶನ್ ಅವರ ಸಲಹೆಯಂತೆ ಮರಿಗಳನ್ನೂ ಮೊಟ್ಟೆಯ ಮೀನನ್ನೂ ಹಿಡಿಯದಂತೆ ಕಟ್ಟುಪಾಡು ಹಾಕಿತು. ಅದನ್ನು ನೋಡಲು ನಿಕೋಲ್ಸನ್ ಇರಲಿಲ್ಲ. ಅವರು 1936ರಲ್ಲಿ, ನೀಲಗಿರಿಯ ಕೂನೂರಿನಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಅವರಿಂದ ಕಲಿಯುವುದೇನು?

ನಿಕೋಲ್ಸನ್ ಸಾಮ್ರಾಜ್ಯದ ಅಧಿಕಾರಿ. ಮೀನುಗಾರನ ಉಪ್ಪಿಗೆ ತೆರಿಗೆ ಹಾಕಿದ ಸರ್ಕಾರದ ನೌಕರ. ಅದನ್ನು ಮರೆಯಬೇಕಿಲ್ಲ. ಆದರೂ ದಡದ ಬಡತನವನ್ನು ಸಾಲ, ಉಪ್ಪು, ಮಾರುಕಟ್ಟೆ, ಮೀನು ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದ್ದು ಅವರ ಹೆಚ್ಚುಗಾರಿಕೆ. ಅವರ ಕಥೆ ಕಲಿಸುವ ಪಾಠ ಮಾತ್ರ ಅವರ ಗೆಲುವಿಗಿಂತ ದೊಡ್ಡದು: ಬೆಲೆ ಬೇಗ ಏರುತ್ತದೆ, ತಿಳಿವು ನಿಧಾನ ಬರುತ್ತದೆ. ಮೀನಿಗೆ ಬೆಲೆ ತಂದುಕೊಡಲು ಒಂದು ಕಡಾಯಿ ಸಾಕಾಯಿತು, ಆ ಮೀನಿನ ಆಯುಸ್ಸು ತಿಳಿಯಲು ದಶಕಗಳೇ ಬೇಕಾದವು.

ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ 4 ಸಾವಿರ ಟನ್ ಕೂಡ ಸಿಗಲಿಲ್ಲ. ಬಿಸಿಯೇರಿದ ಕಡಲು ಮತ್ತು ಮರಿಮೀನು ಹಿಡಿದದ್ದು ಎರಡೂ ಇದರ ಕಾರಣಗಳಲ್ಲಿ ಸೇರಿವೆ. ಈಗ ಅಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯುವಂತಿಲ್ಲ. ಮಳೆಗಾಲವನ್ನು ಹದ ಮಾಡುವುದು ನಮ್ಮ ಕೈಯಲ್ಲಿಲ್ಲ. ಬೆರಳುದ್ದದ ಮರಿಮೀನು ಬುಟ್ಟಿಯಲ್ಲಿ ಕಂಡಾಗ ಕೊಳ್ಳದೆ ಮುಂದೆ ಹೋಗುವುದು ನಮ್ಮ ಕೈಯಲ್ಲೇ ಇದೆ.