ಮೂರು ನಿಮಿಷದ ಉಸ್ತಾದ್

ಈಗ ನಾವು ಸ್ಕ್ರೀನ್ ರೆಕಾರ್ಡರ್ ಆನ್ ಮಾಡಿ ಗಂಟೆಗಟ್ಟಲೆ ವಿಡಿಯೋ ಸೇವ್ ಮಾಡ್ತೀವಿ. ಉಸ್ತಾದ್ ಅಬ್ದುಲ್ ಕರೀಂ ಖಾನರಿಗೆ ಸಿಕ್ಕಿದ್ದು 78 ಆರ್‌ಪಿಎಂ ಪ್ಲೇಟಿನ ಒಂದು ಬದಿ, ಅಂದ್ರೆ ಸುಮಾರು ಮೂರು ನಿಮಿಷ. ಇಡೀ ರಾತ್ರಿ ಹಾಡೋ ಸಂಗೀತವನ್ನ ಅಷ್ಟರಲ್ಲೇ ಹಿಡಿಸಬೇಕಿತ್ತು.

ಇವರು 1872ರಲ್ಲಿ ಉತ್ತರ ಪ್ರದೇಶದ ಕೈರಾನಾದಲ್ಲಿ ಹುಟ್ಟಿದರು. ಮೈಸೂರು ಆಸ್ಥಾನದಲ್ಲಿ ಹಾಡಿದರು, ನಮ್ಮ ಧಾರವಾಡ ಭಾಗಕ್ಕೂ ಬರ್ತಿದ್ದರು. ಹುಬ್ಬಳ್ಳಿ ಹತ್ರದ ಕುಂದಗೋಳದ ರಾಮಭಾವು ಇವರಲ್ಲಿ ಕಲಿತು ಸವಾಯಿ ಗಂಧರ್ವ ಅಂತ ಹೆಸರಾದರು.

1933ರಲ್ಲಿ ಗದಗದ ಹುಡುಗನೊಬ್ಬ ಖಾನಸಾಹೇಬರ ಠುಮ್ರಿ ಪ್ಲೇಟ್ ಕೇಳಿ, ಹಾಗೆ ಹಾಡೋದು ಕಲೀಬೇಕು ಅಂತ ಮನೆ ಬಿಟ್ಟು ಓಡಿದ. ಊರೂರು ಅಲೆದು ಕೊನೆಗೆ ಸೇರಿದ್ದು ಕುಂದಗೋಳದ ಸವಾಯಿ ಗಂಧರ್ವರ ಮನೆ. ಆ ಹುಡುಗನೇ ಭೀಮಸೇನ ಜೋಶಿ.

1937ರಲ್ಲಿ ಪಾಂಡಿಚೇರಿಗೆ ಹೋಗುವಾಗ ದಾರಿಯಲ್ಲೇ ಖಾನಸಾಹೇಬರು ತೀರಿಕೊಂಡರು. ಪ್ಲೇಟಿನ ಧ್ವನಿ ಈಗ ಯೂಟ್ಯೂಬಿನಲ್ಲಿದೆ. ಹೆಡ್‌ಫೋನ್ ಹಾಕಿ, ಮೂರೇ ನಿಮಿಷ ಕೇಳಿ.